ಚಾಕು ತಾಗುವ ಮೊದಲಿನ ಒಂದು ಗಂಟೆ

ಆಪರೇಷನ್ ಮುಗಿಸಿಕೊಂಡು ಮನೆಗೆ ಹೊರಟವರ ಕೈಯಲ್ಲಿ ಒಂದು ಫೈಲು, ಸ್ಕ್ಯಾನಿಂಗ್ ರಿಪೋರ್ಟಿನ ದೊಡ್ಡ ಕವರು, ಮಾತ್ರೆಗಳ ಒಂದು ಪೊಟ್ಟಣ ಇದ್ದೇ ಇರುತ್ತದೆ. ಪೊಟ್ಟಣದಲ್ಲಿ ನೋವಿನದ್ದೊಂದು, ಗ್ಯಾಸಿನದ್ದೊಂದು, ಜೊತೆಗೆ ಐದು ದಿನಕ್ಕೋ ಏಳು ದಿನಕ್ಕೋ ಆಗುವಷ್ಟು ಆ್ಯಂಟಿಬಯಾಟಿಕ್. ಗಾಯ ಕೀವಾಗದಿರಲಿ ಎಂದು ಮನೆಯವರು ನೆಚ್ಚಿಕೊಳ್ಳುವುದು ಈ ಕೊನೆಯ ಮಾತ್ರೆಯನ್ನೇ. ಒಂದು ಹೊತ್ತು ತಪ್ಪಿದರೂ ಗಾಬರಿ. ಆದರೆ ಗಾಯ ಕೀವಾಗುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಓಟಿಯ ಒಳಗೆ, ಹೊಲಿಗೆ ಬೀಳುವ ಮೊದಲೇ. ಅದನ್ನು ತಡೆಯುವ ಇಂಜೆಕ್ಷನ್ ರಕ್ತ ಸೇರಬೇಕಾದದ್ದು ಚರ್ಮಕ್ಕೆ ಚಾಕು ತಾಗುವ ಮುಂಚೆ. ಆ ಒಂದು ಗಂಟೆ ಕೈತಪ್ಪಿದರೆ ಆಮೇಲಿನ ಏಳು ದಿನದ ಮಾತ್ರೆ ಅದನ್ನು ತುಂಬಿಕೊಡುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ ಸರಿ.

ಹೀಗೇಕೆ ಎಂದು ತಿಳಿಯಲು ಗಾಯದ ಒಳಗೇನಾಗುತ್ತದೆ ಎಂದು ನೋಡಬೇಕು. ಚರ್ಮವನ್ನು ಎಷ್ಟೇ ತೊಳೆದು, ಎಷ್ಟೇ ಔಷಧಿ ಹಚ್ಚಿದರೂ ಅದು ಪೂರ್ತಿ ಕ್ರಿಮಿಮುಕ್ತವಾಗುವುದಿಲ್ಲ. ಕೂದಲಿನ ಬುಡದಲ್ಲಿ, ಬೆವರು ಗ್ರಂಥಿಗಳ ಆಳದಲ್ಲಿ ಬ್ಯಾಕ್ಟೀರಿಯಾ ಉಳಿದಿರುತ್ತವೆ. ಕರುಳಿನ ಆಪರೇಷನ್ ಆದರೆ ಒಳಗಿನಿಂದಲೂ ಬರುತ್ತವೆ. ಹೀಗೆ ಗಾಯಕ್ಕೆ ಬಿದ್ದವು ಮೊದಲ ಕೆಲವು ಗಂಟೆಗಳಲ್ಲೇ ನೆಲೆಯೂರುತ್ತವೆ. ಕತ್ತರಿಸಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವಾಗ ಆ ರಕ್ತದಲ್ಲೇ ಔಷಧಿ ಇದ್ದರೆ ಹೆಪ್ಪಿನೊಳಗೂ ಅದು ಸೇರಿಕೊಂಡಿರುತ್ತದೆ, ಬ್ಯಾಕ್ಟೀರಿಯಾಕ್ಕೆ ಕಾಲೂರಲು ಜಾಗ ಸಿಗುವುದಿಲ್ಲ. ಹೆಪ್ಪುಗಟ್ಟಿ, ರಕ್ತನಾಳಗಳ ತುದಿ ಮುಚ್ಚಿಕೊಂಡ ಮೇಲೆ ಬಂದ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ.

1961ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಬರ್ಕ್ ಇದನ್ನು ಗಿನಿ ಇಲಿಗಳ ಮೇಲೆ ತೋರಿಸಿಕೊಟ್ಟರು. ಚರ್ಮದೊಳಕ್ಕೆ ಸ್ಟ್ಯಾಫಿಲೋಕಾಕಸ್ ಬಿಟ್ಟು, ಆ್ಯಂಟಿಬಯಾಟಿಕ್ಕನ್ನು ಬೇರೆಬೇರೆ ಹೊತ್ತಿಗೆ ಕೊಟ್ಟು ನೋಡಿದರು. ಔಷಧಿ ಮೊದಲೇ ರಕ್ತದಲ್ಲಿದ್ದ ಇಲಿಗಳಲ್ಲಿ ಬಾವು ಅಷ್ಟಾಗಿ ಏಳಲಿಲ್ಲ. ಮೂರು ಗಂಟೆ ಕಳೆದ ಮೇಲೆ ಕೊಟ್ಟದ್ದು ಕೊಡದೆ ಇದ್ದಂತೆಯೇ ಆಯಿತು. ಮೂವತ್ತು ವರ್ಷದ ನಂತರ, 1992ರಲ್ಲಿ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯೊಂದರ 2,847 ರೋಗಿಗಳ ದಾಖಲೆಗಳಿಂದ ಮನುಷ್ಯರಲ್ಲೂ ಅದೇ ಕತೆ ಎಂದು ಗೊತ್ತಾಯಿತು. ಆಪರೇಷನ್ನಿಗೆ ಮುಂಚಿನ ಎರಡು ಗಂಟೆಯೊಳಗೆ ಇಂಜೆಕ್ಷನ್ ಪಡೆದವರಲ್ಲಿ ಗಾಯದ ಸೋಂಕು ಶೇ 0.6. ಕತ್ತರಿಸಿ ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ಶೇ 3.3. ತೀರಾ ಮೊದಲೇ, ಎರಡು ಗಂಟೆಗೂ ಹಿಂದೆ ಪಡೆದವರಲ್ಲಿ ಶೇ 3.8. ಬೇಗ ಕೊಟ್ಟರೆ ಒಳ್ಳೆಯದೇ ಅಲ್ಲವೇ ಎನ್ನುವ ಹಾಗೂ ಇಲ್ಲ. ಸಾಮಾನ್ಯವಾಗಿ ಬಳಸುವ ಸೆಫಜೋಲಿನ್ ಎರಡು ಗಂಟೆಗೆಲ್ಲ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆ ಆರಕ್ಕೆ ವಾರ್ಡಿನಲ್ಲಿ ಇಂಜೆಕ್ಷನ್ ಚುಚ್ಚಿ, ಹನ್ನೊಂದಕ್ಕೆ ಓಟಿಗೆ ಕರೆದೊಯ್ದರೆ ಅದು ಫೈಲಿನಲ್ಲಿ ಮಾತ್ರ ಇರುತ್ತದೆ. ಆಪರೇಷನ್ ನಾಲ್ಕು ಗಂಟೆಗೂ ಹೆಚ್ಚು ಹಿಡಿದರೆ ನಡುವೆ ಇನ್ನೊಮ್ಮೆ ಕೊಡಬೇಕಾಗುವುದೂ ಇದಕ್ಕೇ.

ಸಿಸೇರಿಯನ್ನಿನಲ್ಲಿ ಹಿಂದೆಲ್ಲ ಮಗುವಿನ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಗೆ ಈ ಇಂಜೆಕ್ಷನ್ ಕೊಡುತ್ತಿದ್ದರು, ಔಷಧಿ ಮಗುವಿಗೆ ಹೋಗುವುದು ಬೇಡವೆಂದು. ಹೊಟ್ಟೆ ಕೊಯ್ಯುವ ಮೊದಲೇ ಕೊಟ್ಟರೆ ತಾಯಿಯ ಸೋಂಕು ಕಡಿಮೆಯಾಗುತ್ತದೆ, ಮಗುವಿಗೂ ತೊಂದರೆ ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ಪದ್ಧತಿ ಬದಲಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿ ಎರಡು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಕತ್ತರಿಸುವ ಮೊದಲಿನ 120 ನಿಮಿಷದೊಳಗೆ ಆ್ಯಂಟಿಬಯಾಟಿಕ್ ಕೊಡಿ. ಆಪರೇಷನ್ ಮುಗಿದ ಮೇಲೆ, ಸೋಂಕು ತಡೆಯಲೆಂದು ಅದನ್ನು ಮುಂದುವರಿಸಬೇಡಿ. ಎರಡನೆಯ ಮಾತು ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಕಿಕ್ಕಿರಿದ ವಾರ್ಡು, ಒಂದೇ ಮಂಚದ ಸುತ್ತ ನಾಲ್ಕು ಮಂದಿ ನೆಂಟರು, ನೀರು ಬರದ ಶೌಚಾಲಯ ಇವನ್ನೆಲ್ಲ ಕಂಡ ವೈದ್ಯರಿಗೆ ಮಾತ್ರೆ ಬರೆಯದೆ ಕಳಿಸಲು ಧೈರ್ಯ ಸಾಲದು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಾತ್ರೆ ಆ ಶೌಚಾಲಯಕ್ಕೆ ನೀರು ತರುವುದಿಲ್ಲ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಗೆ ಬಗ್ಗದವು ಉಳಿದು ಬೆಳೆಯುತ್ತವೆ. ಮುಂದೊಂದು ದಿನ ನಿಜವಾಗಿಯೂ ಸೋಂಕಾದಾಗ ಹತ್ತು ರೂಪಾಯಿಯ ಮಾತ್ರೆಯ ಜಾಗಕ್ಕೆ ಸಾವಿರಾರು ರೂಪಾಯಿಯ ಇಂಜೆಕ್ಷನ್ ಬರುತ್ತದೆ. ಇದನ್ನು ಓದಿ ಡಾಕ್ಟರು ಬರೆದ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಆಪರೇಷನ್ನಿಗೆ ಮೊದಲೇ ಸೋಂಕು ಇದ್ದವರಿಗೆ, ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಕೀವು ಹರಡಿದವರಿಗೆ ಅದು ಚಿಕಿತ್ಸೆಯೇ ಆಗಿರುತ್ತದೆ. ‘ಇದು ಯಾವುದಕ್ಕೆ ಡಾಕ್ಟ್ರೇ, ಎಷ್ಟು ದಿನ?’ ಎಂದು ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ.

ಕೇಳಬೇಕಾದ ಇನ್ನೊಂದು ಪ್ರಶ್ನೆ ಆಪರೇಷನ್ನಿಗೆ ಮೊದಲಿನದು: ‘ಇಂಜೆಕ್ಷನ್ ಯಾವಾಗ ಕೊಡ್ತೀರಿ?’ ಈ ಪ್ರಶ್ನೆಯನ್ನು ಓಟಿಯ ಒಳಗೇ ಕೇಳಿಸುವ ವ್ಯವಸ್ಥೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ರೂಪಿಸಿದ ಒಂದು ಪುಟದ ಚೆಕ್‌ಲಿಸ್ಟ್ ಅದು. ಚಾಕು ಎತ್ತುವ ಮೊದಲು ಎಲ್ಲರೂ ಒಂದು ಗಳಿಗೆ ನಿಂತು, ರೋಗಿಯ ಹೆಸರು, ಕತ್ತರಿಸುವ ಜಾಗ, ಕಳೆದ 60 ನಿಮಿಷದಲ್ಲಿ ಆ್ಯಂಟಿಬಯಾಟಿಕ್ ಕೊಟ್ಟಾಗಿದೆಯೇ ಎಂಬುದನ್ನು ಗಟ್ಟಿಯಾಗಿ ಹೇಳಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದಾಗ ಗಾಯದ ಸೋಂಕು ಶೇ 6.2ರಿಂದ 3.4ಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಗೊತ್ತಿದ್ದುದನ್ನು ಮರೆಯದೆ ಮಾಡಿದ್ದಷ್ಟೇ.

ಔಷಧಿ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಲೆಕ್ಕ ನನಗೆ ಬಹಳ ಮೆಚ್ಚುಗೆ. ಪೊರೆಯ ಆಪರೇಷನ್ನಿನ ನಂತರ ಕಣ್ಣಿನ ಒಳಗೆ ಸೋಂಕಾದರೆ ದೃಷ್ಟಿಯೇ ಹೋಗಬಹುದು. ಅಲ್ಲಿನವರು ಆಪರೇಷನ್ ಮುಗಿಸುವಾಗ ಮಾಕ್ಸಿಫ್ಲಾಕ್ಸಸಿನ್ ಔಷಧಿಯನ್ನು ಸ್ವಲ್ಪವೇ ಸ್ವಲ್ಪ ಕಣ್ಣಿನ ಒಳಕ್ಕೇ ಬಿಡತೊಡಗಿದರು. ಆರು ಲಕ್ಷಕ್ಕೂ ಹೆಚ್ಚು ಆಪರೇಷನ್ನುಗಳನ್ನು ಹೋಲಿಸಿ ನೋಡಿದಾಗ, ಹತ್ತು ಸಾವಿರಕ್ಕೆ ಏಳರಷ್ಟಿದ್ದ ಸೋಂಕು ಎರಡಕ್ಕೆ ಇಳಿದಿತ್ತು.

ಔಷಧಿಯ ಮಾತು ಅಲ್ಲಿಗಿರಲಿ. ಆಪರೇಷನ್ನಿನ ಹಿಂದಿನ ರಾತ್ರಿ ವಾರ್ಡಿನಲ್ಲಿ ನಡೆಯುವ ಒಂದು ಕೆಲಸವನ್ನು ಹತ್ತಿರದಿಂದ ನೋಡಿ. ವಾರ್ಡ್‌ಬಾಯ್ ಒಂದು ರೇಜರ್, ಒಂದು ಬಟ್ಟಲು ಸೋಪಿನ ನೀರು ಹಿಡಿದು ಬರುತ್ತಾನೆ. ಎದೆಯಿಂದ ತೊಡೆಯವರೆಗೆ ನುಣ್ಣಗೆ ಬೋಳಿಸಿ ಹೋಗುತ್ತಾನೆ. ನೋಡಲು ಶುಭ್ರವಾಗಿಯೇ ಕಾಣುತ್ತದೆ. ಆದರೆ ಬ್ಲೇಡು ಹರಿದ ಕಡೆಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗಿರುತ್ತವೆ, ಅವು ಜಿನುಗುತ್ತವೆ, ರಾತ್ರಿಯಿಡೀ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. 1971ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರೇಜರಿನಿಂದ ಬೋಳಿಸಿದವರಲ್ಲಿ ಸೋಂಕು ಶೇ 5.6 ಇದ್ದರೆ, ಕೂದಲನ್ನು ಹಾಗೇ ಬಿಟ್ಟವರಲ್ಲಿ ಅಥವಾ ಕ್ರೀಮಿನಿಂದ ತೆಗೆದವರಲ್ಲಿ ಶೇ 0.6 ಮಾತ್ರ. ಬೋಳಿಸಿ ಹೆಚ್ಚು ಹೊತ್ತಾದಷ್ಟೂ ಸೋಂಕು ಹೆಚ್ಚುತ್ತಿತ್ತು. ಐವತ್ತು ವರ್ಷ ಹಳೆಯ ಈ ತಿಳಿವಳಿಕೆ ಇವತ್ತಿಗೂ ಎಷ್ಟೋ ವಾರ್ಡುಗಳನ್ನು ತಲುಪಿಲ್ಲ ಎನ್ನುವುದು ಬೇಸರದ ಸಂಗತಿ. ಕೂದಲು ಅಡ್ಡಬರದಿದ್ದರೆ ತೆಗೆಯಲೇಬೇಕಿಲ್ಲ. ತೆಗೆಯಲೇಬೇಕಾದರೆ ಕ್ಲಿಪ್ಪರಿನಿಂದ, ಆಪರೇಷನ್ನಿಗೆ ಸ್ವಲ್ಪವೇ ಮೊದಲು. ಮನೆಯಿಂದಲೇ ಬೋಳಿಸಿಕೊಂಡು ಬಂದರೆ ಒಳ್ಳೆಯದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಿಂದಿನ ದಿನವೋ ಆ ದಿನ ಬೆಳಿಗ್ಗೆಯೋ ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ, ಸಾಕು.

ಓಟಿಯ ಚಳಿಯೂ ಸಣ್ಣ ವಿಷಯವಲ್ಲ. ಏಸಿಯ ಕೆಳಗೆ ತೆಳುವಾದ ಹಸಿರು ಗೌನಿನಲ್ಲಿ ಮಲಗಿ, ‘ಚಳಿ ಆಗ್ತಿದೆ ಸಿಸ್ಟರ್’ ಎಂದರೆ ಅದನ್ನು ಭಯವೆಂದು ತಳ್ಳಿಹಾಕುವುದುಂಟು. ಮೈ ತಣ್ಣಗಾದರೆ ಚರ್ಮದ ರಕ್ತನಾಳಗಳು ಮುದುಡುತ್ತವೆ. ಗಾಯಕ್ಕೆ ಆಮ್ಲಜನಕ ಕಡಿಮೆಯಾಗಿ, ಬ್ಯಾಕ್ಟೀರಿಯಾ ಕೊಲ್ಲುವ ಬಿಳಿ ರಕ್ತಕಣಗಳು ಸೋಲುತ್ತವೆ. 1996ರಲ್ಲಿ ದೊಡ್ಡಕರುಳಿನ ಆಪರೇಷನ್ ಆದ 200 ಮಂದಿಯನ್ನು ಗಮನಿಸಿದಾಗ, ಮೈ ಬೆಚ್ಚಗಿಟ್ಟವರಲ್ಲಿ ಶೇ 6ರಷ್ಟು ಮಂದಿಗೆ ಸೋಂಕಾದರೆ, ತಣ್ಣಗಾಗಲು ಬಿಟ್ಟವರಲ್ಲಿ ಶೇ 19. ಒಂದು ಕಂಬಳಿಯ ಬೆಲೆ ಅಷ್ಟು. ಸಕ್ಕರೆ ಕಾಯಿಲೆಯವರಲ್ಲಿ ಆಪರೇಷನ್ನಿನ ಆಸುಪಾಸು ಸಕ್ಕರೆ 200 ದಾಟದಂತೆ ನೋಡಿಕೊಳ್ಳಬೇಕು. ಬೀಡಿ, ಸಿಗರೇಟು ಸೇದುವವರು ನಾಲ್ಕು ವಾರ ಮೊದಲೇ ಬಿಟ್ಟರೆ ಗಾಯ ಬೇಗ ಮಾಯುತ್ತದೆ.

ಇನ್ನು, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ಸೋಂಕಿದೆ. ಪಿತ್ತಕೋಶದ ಕಲ್ಲಿಗೋ ಹರ್ನಿಯಾಕ್ಕೋ ದುರ್ಬೀನಿನ (ಲ್ಯಾಪರೊಸ್ಕೋಪಿ) ಆಪರೇಷನ್ ಆಗಿ, ಎಲ್ಲ ಸರಿಹೋಯಿತು ಎಂದುಕೊಂಡವರಿಗೆ ನಾಲ್ಕೈದು ವಾರದ ಮೇಲೆ ಹೊಕ್ಕುಳ ಬಳಿಯ ಸಣ್ಣ ಗಾಯದಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ. ಜ್ವರವಿಲ್ಲ, ನೋವು ಅಷ್ಟಕ್ಕಷ್ಟೆ. ಗಂಟು ಒಡೆದು ತಿಳಿಯಾದ ನೀರಿನಂಥದು ಸೋರುತ್ತದೆ, ಮುಚ್ಚುತ್ತದೆ, ಪಕ್ಕದಲ್ಲಿ ಮತ್ತೆ ಏಳುತ್ತದೆ. ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ನುಂಗಿದರೂ ಜಗ್ಗುವುದಿಲ್ಲ. ಮಾಮೂಲಿ ಕಲ್ಚರ್ ಮಾಡಿಸಿದರೆ ಏನೂ ಬೆಳೆದಿಲ್ಲ ಎಂದು ವರದಿ ಬರುತ್ತದೆ. ಇದಕ್ಕೆ ಕಾರಣ ಕ್ಷಯದ ರೋಗಾಣುವಿನ ಬಂಧುಗಳು, ನೀರಿನಲ್ಲಿ, ಮಣ್ಣಿನಲ್ಲಿ ಬದುಕುವ ಮೈಕೋಬ್ಯಾಕ್ಟೀರಿಯಾ.

ಇವು ಹೊಟ್ಟೆಗೆ ಬರುವ ದಾರಿ ಉಪಕರಣಗಳದ್ದು. ದುರ್ಬೀನಿನ ಆಪರೇಷನ್ನಿನ ಉದ್ದನೆಯ ಕಡ್ಡಿಯಂಥ ಸಲಕರಣೆಗಳಿಗೆ ಸಂದು, ಕೀಲು, ಕೊಳವೆ ಬಹಳ. ಒಳಗೆ ರಕ್ತವೋ ಮಾಂಸದ ಚೂರೋ ಒಣಗಿ ಕೂತಿದ್ದರೆ ಯಾವ ದ್ರಾವಣವೂ ಅದರ ಕೆಳಕ್ಕೆ ಇಳಿಯುವುದಿಲ್ಲ. ಒಂದೇ ದಿನ ಆರೇಳು ಆಪರೇಷನ್ ಇದ್ದು, ಸೆಟ್ಟು ಮಾತ್ರ ಒಂದೋ ಎರಡೋ ಇರುವ ಕಡೆ, ಒಬ್ಬರದು ಮುಗಿದ ಕೂಡಲೇ ಗ್ಲೂಟರಾಲ್ಡಿಹೈಡ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ ಮುಂದಿನವರಿಗೆ ಬಳಸುವ ರೂಢಿ ಬೆಳೆಯಿತು. ಆ ದ್ರಾವಣದಲ್ಲಿ ಪೂರ್ತಿ ಕ್ರಿಮಿಮುಕ್ತವಾಗಲು ಹತ್ತು ಗಂಟೆ ಬೇಕು. ಸಾಲದ್ದಕ್ಕೆ, ಔಷಧಿಯ ಘಾಟು ಹೋಗಲೆಂದು ಕೊನೆಗೆ ಜಾಲಾಡುವ ನೀರು ನಲ್ಲಿಯದ್ದಾಗಿದ್ದರೆ ಶುಚಿ ಮಾಡಿದ ಸಲಕರಣೆಗೆ ಮೈಕೋಬ್ಯಾಕ್ಟೀರಿಯಾವನ್ನು ತಾವೇ ಮತ್ತೆ ಹಚ್ಚಿದಂತೆ. ಹೀಗಾದವರಿಗೆ ಕ್ಲಾರಿಥ್ರೋಮೈಸಿನ್‌ನಂಥ ಔಷಧಿಗಳನ್ನು ಜೊತೆಗೂಡಿಸಿ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ, ಗಂಟನ್ನು ಕತ್ತರಿಸಿ ತೆಗೆಯಬೇಕಾಗುವುದೂ ಉಂಟು. ಮೂರು ದಿನಕ್ಕೆ ಮನೆಗೆ ಹೋಗಬಹುದೆಂದು ಈ ಆಪರೇಷನ್ ಆರಿಸಿಕೊಂಡವರ ಗತಿ ಇದು.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ. ಸಲಕರಣೆಯನ್ನು ಪೂರ್ತಿ ಬಿಚ್ಚಿ, ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಗೆ ಒಡ್ಡುವುದು. ಹಬೆ ತಾಳದ್ದಕ್ಕೆ ಪ್ಲಾಸ್ಮಾ ಅಥವಾ ಎಥಿಲೀನ್ ಆಕ್ಸೈಡ್ ಅನಿಲ. ಸಲಕರಣೆಯ ಪೊಟ್ಟಣಕ್ಕೆ ಅಂಟಿಸಿದ ಪಟ್ಟಿಯಲ್ಲಿ ಬಿಸಿ ತಾಗಿದ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ಆದರೆ ಗೆರೆ ಮೂಡಿತೆಂದರೆ ಹೊರಗೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಒಳಗಿನವರೆಗೂ ಹಬೆ ಕೆಲಸ ಮಾಡಿದೆಯೇ ಎಂದು ತಿಳಿಯಲು, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳ ಸಣ್ಣ ಸೀಸೆಯನ್ನು ಒಳಗಿಟ್ಟು, ಅವು ಸತ್ತವೇ ಎಂದು ಆಗಾಗ ಪರೀಕ್ಷಿಸಬೇಕು. ಈ ಕೆಲಸ ಮಾಡುವ ತಂತ್ರಜ್ಞರ ಹೆಸರು ಯಾವ ಬೋರ್ಡಿನಲ್ಲೂ ಇರುವುದಿಲ್ಲ. ರೋಗಿಯ ಕ್ಷೇಮ ಸರ್ಜನ್ನರ ಕೈಯಲ್ಲಿ ಎಷ್ಟಿದೆಯೋ ಇವರ ಕೈಯಲ್ಲೂ ಅಷ್ಟೇ ಇದೆ.

ಡಿಸ್ಚಾರ್ಜ್ ಆದ ಮೇಲೆ ಗಾಯದ ಕಾವಲು ಮನೆಯವರದು. ಆಪರೇಷನ್ ಆಗಿ 30 ದಿನದೊಳಗೆ ಗಾಯದಲ್ಲಿ ಸೋಂಕಾದರೆ ಅದು ಆಪರೇಷನ್ನಿನ ಸೋಂಕೆಂದೇ ಲೆಕ್ಕ. ಮೂಳೆಗೆ ಪ್ಲೇಟು, ಕೃತಕ ಕೀಲು, ಜಾಲರಿ ಹಾಕಿದ್ದರೆ 90 ದಿನ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಸೇರಿ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿ ನೋಡಿದಾಗ ಶೇ 5.2ರಷ್ಟು ಮಂದಿಗೆ ಸೋಂಕಾಗಿತ್ತು. ಅದರಲ್ಲಿ ಬಹುಪಾಲು ಕಂಡದ್ದು ರೋಗಿ ಮನೆಗೆ ಹೋದ ಮೇಲೆ. ಆಸ್ಪತ್ರೆ ತನ್ನ ಪುಸ್ತಕದಲ್ಲಿ ಸೋಂಕು ಸೊನ್ನೆ ಎಂದು ಬರೆದುಕೊಂಡರೆ, ಅದು ಮನೆಗೆ ಫೋನು ಮಾಡಿ ಕೇಳಿದೆಯೇ ಎಂದು ಮೊದಲು ವಿಚಾರಿಸಬೇಕು.

ಮೊದಲೆರಡು ದಿನದ ಜ್ವರಕ್ಕೆ ಸಾಮಾನ್ಯವಾಗಿ ಗಾಯ ಕಾರಣವಲ್ಲ. ಕೀವಾಗುವುದು ಹೆಚ್ಚಾಗಿ ಐದನೆಯ ದಿನದಿಂದ ಹತ್ತನೆಯ ದಿನದ ನಡುವೆ. ದಿನದಿನಕ್ಕೆ ಕಡಿಮೆಯಾಗಬೇಕಾದ ನೋವು ಹೆಚ್ಚಾಗುವುದು, ಹೊಲಿಗೆಯ ಸುತ್ತ ಕೆಂಪು ಹರಡುವುದು, ಮುಟ್ಟಿದರೆ ಬಿಸಿ, ಊತ, ನಾತ, ಸೋರಿಕೆ, ಹೊಲಿಗೆ ಬಿಟ್ಟುಕೊಳ್ಳುವುದು ಇವು ಕಂಡರೆ ಹೇಳಿದ ದಿನದವರೆಗೆ ಕಾಯದೆ ಹೋಗಬೇಕು. ಒಂದಕ್ಕೆ ಮಾತ್ರ ಗಂಟೆಗಳ ಲೆಕ್ಕ: ಮೊದಲೆರಡು ದಿನದಲ್ಲೇ ತಡೆಯಲಾಗದ ನೋವು, ಚರ್ಮ ನೇರಳೆಗೋ ಕಪ್ಪಿಗೋ ತಿರುಗುವುದು, ನೀರ್ಗುಳ್ಳೆ, ಮಂಕು. ಇದು ಮಾಂಸವನ್ನೇ ತಿನ್ನುತ್ತಾ ಹೋಗುವ ಸೋಂಕಿರಬಹುದು. ರಾತ್ರಿಯಾದರೂ ಸರಿ, ಹೊರಡಬೇಕು.

ಮನೆಯಲ್ಲಿ ಪ್ರೀತಿಯಿಂದ ಆಗುವ ಅಪಚಾರಗಳೂ ಇವೆ. ನಂಜಿನ ಪದಾರ್ಥವೆಂದು ಮೊಟ್ಟೆ, ಮೀನು, ಬೇಳೆ, ಬದನೆ ಎಲ್ಲ ನಿಲ್ಲಿಸಿ ಬರೀ ಗಂಜಿ, ಬ್ರೆಡ್ಡು ಕೊಡುತ್ತಾರೆ. ಗಾಯ ಕೂಡಲು ಬೇಕಾದ ಪ್ರೊಟೀನು ಇರುವುದೇ ಬೇಳೆ, ಮೊಟ್ಟೆ, ಮೀನು, ಹಾಲಿನಲ್ಲಿ. ಗಾಯಕ್ಕೆ ಅರಿಸಿನ, ಕಾಫಿಪುಡಿ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಸಾಮಾನ್ಯ ಗಾಯಕ್ಕೆ 48 ಗಂಟೆ ಕಳೆದ ಮೇಲೆ ನೀರು ತಾಗಿದರೆ ತೊಂದರೆಯಿಲ್ಲ. ಆದರೆ ಸಿಸೇರಿಯನ್ ಆದ ಬಾಣಂತಿಗೆ ಕುದಿಯುವ ಹಂಡೆಯ ನೀರನ್ನು ರಭಸವಾಗಿ ಎರೆಯುವುದು, ಒದ್ದೆ ಆರುವ ಮೊದಲೇ ಹೊಟ್ಟೆಗೆ ಸೀರೆ ಬಿಗಿಯುವುದು, ಗಾಳಿಯಾಡದ ಕೋಣೆಯಲ್ಲಿ ಬೆವರಿಸುವುದು ಬೇಡ. ಹೊಟ್ಟೆಯ ಮಡಿಕೆಯ ಕೆಳಗಿರುವ ಆ ಹೊಲಿಗೆಗೆ ತೇವವೇ ಶತ್ರು. ಮೆತ್ತಗೆ ಒರೆಸಿ, ಒಣಗಲು ಬಿಡಬೇಕು. ಅಜ್ಜಿಯರಿಗೆ ಇದನ್ನು ಕೂರಿಸಿಕೊಂಡು ಹೇಳಿದರೆ ಖಂಡಿತ ಕೇಳುತ್ತಾರೆ, ಹೇಳುವವರು ಬೇಕು.

ಇಷ್ಟಾಗಿಯೂ ಕೀವಾದರೆ? ‘ಇನ್ನೊಂದು ಸ್ಟ್ರಾಂಗ್ ಮಾತ್ರೆ ಕೊಡಿ’ ಎಂಬುದು ನಾವೆಲ್ಲ ಮೊದಲು ಹೇಳುವ ಮಾತು. ಆದರೆ ಮುಖ್ಯ ಚಿಕಿತ್ಸೆ ಎರಡು ಹೊಲಿಗೆ ಬಿಚ್ಚಿ ಕೀವನ್ನು ಹೊರಗೆ ಬಿಡುವುದು. ಕೀವಿನ ಗೂಡಿನೊಳಗೆ ರಕ್ತದ ಓಡಾಟವಿಲ್ಲ, ಮಾತ್ರೆ ಅಲ್ಲಿಗೆ ತಲುಪದು. ಕೀವು ಕೈಗೆ ಬಂದಾಗಲೇ, ಹೊಸ ಔಷಧಿ ಶುರುಮಾಡುವ ಮೊದಲು, ಒಂದಿಷ್ಟನ್ನು ಕಲ್ಚರಿಗೆ ಕಳಿಸಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ. ಸೋಂಕು ಚರ್ಮದ ಮಟ್ಟದಲ್ಲೇ ಇದ್ದು, ಕೆಂಪು ಹರಡದೆ, ಜ್ವರವೂ ಇಲ್ಲದಿದ್ದರೆ ಬಿಚ್ಚಿ ತೊಳೆದದ್ದೇ ಸಾಕಾಗಿ, ಆ್ಯಂಟಿಬಯಾಟಿಕ್ಕೇ ಬೇಡವಾಗಬಹುದು.

ಬಿಚ್ಚಿದ ಗಾಯವನ್ನು ಕಂಡು ಮನೆಯವರು ಹೆದರುತ್ತಾರೆ, ಆಪರೇಷನ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಸಿಸ್ಟರ್ ದಿನವೂ ಹಳೆಯ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ, ಎಳೆಯದೆ ನಿಧಾನವಾಗಿ ಬಿಡಿಸಿ, ಒಳಗೆಲ್ಲ ತೊಳೆದು, ಹೊಸ ಬಟ್ಟೆಯನ್ನು ಸಡಿಲವಾಗಿ ತುಂಬುತ್ತಾರೆ. ಬಿಗಿಯಾಗಿ ತುರುಕಿದರೆ ರಕ್ತ ಓಡದು. ಗಾಯದ ಬಾಯಿ ಮೊದಲು ಮುಚ್ಚಿಕೊಂಡರೆ ಒಳಗೆ ಮತ್ತೆ ಕೀವು ನಿಲ್ಲುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಎಬ್ಬಿಸಿದರೆ ಹೊಸ ಮಾಂಸಕ್ಕೂ ಪೆಟ್ಟು. ಕೆಲವು ದಿನದಲ್ಲಿ ತಳದ ಹಳದಿ ಲೋಳೆ ಹೋಗಿ, ತಾಜಾ ಕೆಂಪಿನ, ಹರಳು ಹರಳಾದ ಮಾಂಸ ಕಾಣತೊಡಗುತ್ತದೆ. ಬಟ್ಟೆ ತಾಗಿದರೆ ಚೂರು ರಕ್ತ ಜಿನುಗುತ್ತದೆ. ಹೆದರಬೇಕಿಲ್ಲ, ಗಾಯ ತಳದಿಂದ ತುಂಬಿಕೊಂಡು ಬರುತ್ತಿದೆ.

ಒಳಗೆ ಹೊಟ್ಟೆಯಲ್ಲಿ ಕೀವು ನಿಂತಿದ್ದರೆ ಸ್ಕ್ಯಾನಿಂಗ್ ನೋಡಿಕೊಂಡು ಸಣ್ಣ ಕೊಳವೆ ಇಳಿಸಿ ಹೊರತೆಗೆಯಬಹುದು. ಕಷ್ಟವಾಗುವುದು ಪ್ಲೇಟು, ಕೃತಕ ಕೀಲುಗಳಲ್ಲಿ. ಬ್ಯಾಕ್ಟೀರಿಯಾ ಲೋಹದ ಮೇಲೆ ತಮ್ಮದೇ ಲೋಳೆಯ ಪದರ ಕಟ್ಟಿಕೊಂಡು ಕೂತರೆ ಔಷಧಿಗೆ ಸಿಗುವುದಿಲ್ಲ. ಮತ್ತೆ ತೆರೆದು ತೊಳೆಯುವುದು, ವಾರಗಟ್ಟಲೆ ಇಂಜೆಕ್ಷನ್, ಕೆಲವೊಮ್ಮೆ ಹಾಕಿದ್ದನ್ನೇ ತೆಗೆಯುವುದು. ಮೊದಲ ಕೆಲವು ದಿನದಲ್ಲೇ ಗೊತ್ತಾದರೆ ಅದನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಬೇಗ ಗೊತ್ತುಮಾಡಿಕೊಳ್ಳಲು ನಮ್ಮಲ್ಲಿ ಒಂದು ದಾರಿ ಆಗಲೇ ಇದೆ. ಹೆರಿಗೆಯಾದ ಮನೆಗೆ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ದಿನ ಬರುತ್ತಾರೆ. ಗಾಯ ಕೆಡುವ ದಿನಗಳೂ ಇವೇ. ಸಿಸೇರಿಯನ್ ಆದ ತಾಯಿಯ ಹೊಲಿಗೆಯನ್ನು ಪ್ರತಿ ಭೇಟಿಯಲ್ಲೂ ಅವರು ಒಮ್ಮೆ ಬೆಳಕಿನಲ್ಲಿ ನೋಡಿ, ಅನುಮಾನ ಬಂದರೆ ಕೂಡಲೇ ಆಸ್ಪತ್ರೆಗೆ ತಿಳಿಸುವಂತಾಗಬೇಕು. ಅದಕ್ಕೆ ತಕ್ಕ ತರಬೇತಿ, ತಕ್ಕ ಸಂಭಾವನೆ ಅವರಿಗೆ ಸಿಗಬೇಕು. ಉಳಿದ ಆಪರೇಷನ್ನುಗಳ ಮಟ್ಟಿಗೆ, ಡಿಸ್ಚಾರ್ಜ್ ಚೀಟಿಯ ಮೇಲೆ ಹಗಲು ರಾತ್ರಿ ಯಾರಾದರೂ ಎತ್ತುವ ಒಂದು ಫೋನ್ ನಂಬರನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡುವುದು ಯಾವ ಆಸ್ಪತ್ರೆಗೂ ಹೊರೆಯಲ್ಲ. ಬರೆದಿರದಿದ್ದರೆ ಹೊರಡುವ ಮೊದಲು ಕೇಳಿ ಬರೆಸಿಕೊಳ್ಳಿ.